ವೈನ್ ಬಾಟಲಿ ಮಲಗಿಸಲು ಯಾವ ರ‍್ಯಾಕ್? ಪುಣೆ, ಮುಂಬೈ, ಗೋವೆಯ ಮನೆಗಳಿಗೊಂದು ಹೋಲಿಕೆ

ಪುಣೆಯ ಬಾಣೇರ್‌ನ ಒಂದು ಫ್ಲ್ಯಾಟಿನಲ್ಲಿ ರಾತ್ರಿ ಹನ್ನೊಂದೂವರೆಗೆ ರ‍್ಯಾಕ್ ಗೋಡೆಯಿಂದ ಕಳಚಿ ಬಿತ್ತು. ಇಪ್ಪತ್ತನಾಲ್ಕು ಬಾಟಲಿಗಳಲ್ಲಿ ಹತ್ತೊಂಬತ್ತು ಒಡೆದವು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಮನೆಯವರು ನೆಲ ಒರೆಸಿ ಮುಗಿಸಿದ್ದರು. ಬಿಳಿ ಗೋಡೆಯ ಮೇಲೆ ಮಾತ್ರ ಸೊಂಟದೆತ್ತರದವರೆಗೆ ಕೆಂಪು ಚಿಮ್ಮಿದ ಕಲೆ ಹಾಗೇ ಇತ್ತು. ನನ್ನ ಕಣ್ಣು ಹೋದದ್ದು ಕಲೆಯ ಮೇಲಲ್ಲ, ಗೋಡೆಯ ತೂತುಗಳ ಮೇಲೆ. ಎಂಟು ತೂತು. ಒಂದೊಂದರಲ್ಲೂ ಹೆಬ್ಬೆರಳು ತೂರುತ್ತಿತ್ತು, ಮುಟ್ಟಿದರೆ ಬೂದುಬಣ್ಣದ ಪುಡಿ ಉದುರುತ್ತಿತ್ತು. ಪ್ಲಾಸ್ಟಿಕ್ ಗಿಟ್ಟಿಗಳು ಸ್ಕ್ರೂ ಸಮೇತ ರ‍್ಯಾಕಿಗೇ ಕಚ್ಚಿಕೊಂಡು ಹೊರಬಂದಿದ್ದವು. ರ‍್ಯಾಕಿನದೇನೂ ತಪ್ಪಿರಲಿಲ್ಲ. ಗೋಡೆ ಇಟ್ಟಿಗೆಯದೋ, ಗಾಳಿಗುಳ್ಳೆ ತುಂಬಿದ ಹಗುರ ಎಎಸಿ ಬ್ಲಾಕಿನದೋ ಎಂದು ನಾನು ಕೇಳಿರಲಿಲ್ಲ, ಬೆರಳಿನಿಂದ ಬಡಿದೂ ನೋಡಿರಲಿಲ್ಲ. ಆ ಹತ್ತೊಂಬತ್ತು ಬಾಟಲಿಯ ದುಡ್ಡು ನನ್ನ ಕೈಯಿಂದಲೇ ಹೋಯಿತು.

ನಾನು ಪುಣೆಯಲ್ಲಿ ಮನೆಗಳ ಒಳಾಂಗಣ ಮಾಡಿಸುವವಳು. ಊರು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ, ದ್ರಾಕ್ಷಿಯ ಸೀಮೆ. ನಮ್ಮಪ್ಪನ ಒಣದ್ರಾಕ್ಷಿ ಶೆಡ್ಡಿನಲ್ಲಿ ಒಂದರ ಮೇಲೊಂದು ಬಲೆ ಕಟ್ಟಿದ ಅಂತಸ್ತುಗಳಿಗೂ ‘ರ‍್ಯಾಕ್’ ಎಂದೇ ಹೆಸರು. ಗಾಳಿ ಆಡಬೇಕು, ನೇರ ಬಿಸಿಲು ಬೀಳಬಾರದು, ತಂತಿಗೆ ತುಕ್ಕು ಹತ್ತಬಾರದು ಎನ್ನುವ ಪಾಠ ಅಲ್ಲೇ ಆಗಿತ್ತು. ಅದೇ ದ್ರಾಕ್ಷಿಯ ರಸ ಬಾಟಲಿಗೆ ಇಳಿದ ಮೇಲೆ ಇಷ್ಟು ನಾಜೂಕಾಗುತ್ತದೆ ಎಂದು ಗೊತ್ತಾದದ್ದು ಪುಣೆಗೆ ಬಂದ ಮೇಲೆ.

ಈಗೀಗ ಇಂಥ ಕೆಲಸ ವರ್ಷಕ್ಕೆ ನಾಲ್ಕೈದು ಬರುತ್ತವೆ. ಬಂದವರೆಲ್ಲ ಮೊಬೈಲಿನಲ್ಲಿ ಒಂದೇ ಬಗೆಯ ಚಿತ್ರ ತೋರಿಸುತ್ತಾರೆ: ಕಲ್ಲಿನ ಕಮಾನು, ಹಳದಿ ದೀಪ, ನೆಲದಿಂದ ಚಾವಣಿಯವರೆಗೆ ಮರದ ಗೂಡುಗಳು. ಅದು ಯುರೋಪಿನ ನೆಲಮಾಳಿಗೆ. ನಮ್ಮ ಕಡೆ ನೆಲಮಾಳಿಗೆ ತೋಡಿದರೂ ಅದು ಕೆಲಸ ಮಾಡುವುದಿಲ್ಲ. ಏಕೆಂದರೆ ನೆಲದೊಳಗೆ ಹತ್ತು-ಹನ್ನೆರಡು ಅಡಿ ಇಳಿದರೆ ಮಣ್ಣಿನ ಬಿಸಿ ಆ ಊರಿನ ಇಡೀ ವರ್ಷದ ಸರಾಸರಿಗೆ ಹತ್ತಿರ ಬಂದು ನಿಲ್ಲುತ್ತದೆ. ಫ್ರಾನ್ಸಿನ ಶಾಂಪೇನ್ ಸೀಮೆಯಲ್ಲಿ ಆ ಸರಾಸರಿ 10-11 ಡಿಗ್ರಿ. ಹಾಗಾಗಿ ಅಲ್ಲಿನ ಸೀಮೆಸುಣ್ಣದ ಕಲ್ಲಿನ ನೆಲಮಾಳಿಗೆಗಳು ಬೇಸಿಗೆಯಲ್ಲೂ ಚಳಿಯಲ್ಲೂ ತಾವಾಗಿಯೇ ತಂಪು. ಪುಣೆಯ ಸರಾಸರಿ ಸುಮಾರು 25, ಮುಂಬೈ ಮತ್ತು ಪಣಜಿಯದು 27ರ ಆಸುಪಾಸು. ಬಾವಿಯಷ್ಟು ಆಳ ತೋಡಿದರೂ ನಿಮಗೆ ಸಿಗುವುದು 25 ಡಿಗ್ರಿಯ ಕೋಣೆ. ವೈನಿಗೆ ಬೇಕಾದದ್ದು 12ರಿಂದ 14.

ಆದ್ದರಿಂದ ನಮ್ಮಲ್ಲಿ ರ‍್ಯಾಕ್ ಆರಿಸುವ ಕೆಲಸ ಮರದ ಬಣ್ಣದಿಂದ ಶುರುವಾಗುವುದಿಲ್ಲ. ತಂಪು ಎಲ್ಲಿಂದ ಬರುತ್ತದೆ, ಗೋಡೆ ಯಾವುದು, ಬಾಟಲಿ ಎಂಥದ್ದು ಎಂಬ ಮೂರು ಉತ್ತರ ಸಿಕ್ಕ ಮೇಲೆ ರ‍್ಯಾಕ್ ಅರ್ಧ ತಾನೇ ಆರಿಸಿಕೊಂಡಿರುತ್ತದೆ.

ಮೊದಲು ಮುಚ್ಚಳ ನೋಡಿ

ಧಾರವಾಡದ ಕಡೆಯವರೊಬ್ಬರು, ನಿವೃತ್ತರು, ಪುಣೆಯ ಬಾವಧನ್‌ನಲ್ಲಿ ರೋ ಹೌಸ್ ಕೊಂಡಿದ್ದಾರೆ. ಮೆಟ್ಟಿಲ ಕೆಳಗೆ ಒಂದು ಮೂಲೆ ಖಾಲಿ ಇದೆ, ಅಲ್ಲಿ ವೈನ್ ಕೂಡಿಡುವ ‘ಸೆಲ್ಲರ್’ ಮಾಡಿಕೊಡಿ ಎಂದು ಕರೆಸಿದರು. ನಾನು ಅಂದಾಜು ಹೇಳಿದ್ದೇ ತಡ, “ಏನ್ರೀ ಮೇಡಂ, ಬಾಟ್ಲಿ ಮಲಗಸಾಕ ಇಷ್ಟ್ ರೊಕ್ಕಾ? ಇಷ್ಟ್ರಾಗ ನಮ್ಮೂರಾಗ ಎರಡ್ ಎತ್ತ ಬರತಾವ!” ಎಂದರು. ಎತ್ತಿನ ಲೆಕ್ಕ ಇರಲಿ, ನಿಮ್ಮ ಬಾಟಲಿ ತೋರಿಸಿ ಎಂದೆ. ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂವತ್ತು ಬಾಟಲಿ. ಅದರಲ್ಲಿ ಇಪ್ಪತ್ತೆರಡಕ್ಕೆ ತಿರುಗಿಸಿ ತೆಗೆಯುವ ಲೋಹದ ಮುಚ್ಚಳ.

ಬಾಟಲಿಯನ್ನು ಮಲಗಿಸುವುದು ಕಾರ್ಕ್ ಒಣಗದಿರಲಿ ಎಂದು. ಕಾರ್ಕ್ ಒಣಗಿದರೆ ಕುಗ್ಗುತ್ತದೆ, ಸಂದಿಯಿಂದ ಗಾಳಿ ಒಳಹೋಗುತ್ತದೆ, ವೈನ್ ಹುಳಿಯುತ್ತದೆ. ತಿರುಗಿಸುವ ಮುಚ್ಚಳಕ್ಕೆ ಈ ಚಿಂತೆಯೇ ಇಲ್ಲ. ಅಂಥ ಬಾಟಲಿ ನಿಂತರೂ ಒಂದೇ, ಮಲಗಿದರೂ ಒಂದೇ. ಇವತ್ತು ನಮ್ಮ ದೇಶದ ವೈನಿನಲ್ಲಿ ಹೆಚ್ಚಿನದಕ್ಕೆ ಇದೇ ಮುಚ್ಚಳ. 1999ರಲ್ಲಿ ನಾಸಿಕದಲ್ಲಿ ಸುಲಾ ವೈನರಿ ಶುರುವಾದ ಮೇಲೆ ಆ ಕಡೆ ತಲೆಯೆತ್ತಿದ ವೈನರಿಗಳ ಶೆನಿನ್ ಬ್ಲಾಂಕ್, ಸಾವಿನ್ಯೋಂ ಬ್ಲಾಂಕ್ ಥರದ ಬಿಳಿಗಳನ್ನಂತೂ ಒಂದೆರಡು ವರ್ಷದಲ್ಲಿ ಕುಡಿದು ಮುಗಿಸಬೇಕು. ಕೂಡಿಟ್ಟರೆ ರುಚಿ ಇಳಿಯುತ್ತದೆ, ಏರುವುದಿಲ್ಲ. ಇವುಗಳಿಗಾಗಿ ಸಾಗುವಾನಿ ಕಡಿಸುವುದು ದಂಡ. ಅಡುಗೆಮನೆಯ ಕೆಳಗಿನ ಕಪಾಟು, ಒಲೆಯಿಂದ ದೂರದ್ದು, ಸಾಕು.

ಕಾರ್ಕ್ ಇರುವ, ಐದು-ಹತ್ತು ವರ್ಷ ತಾಳುವ ಕೆಂಪು ವೈನುಗಳು ಮಾತ್ರ ರ‍್ಯಾಕಿನ ನಿಜವಾದ ಹಕ್ಕುದಾರರು. ಹೊರದೇಶದಿಂದ ತಂದದ್ದಿರಲಿ, ನಂದಿ ಬೆಟ್ಟದ್ದಿರಲಿ, ಹಂಪಿ ಕಡೆಯದ್ದಿರಲಿ, ಸೋಲಾಪುರ ಜಿಲ್ಲೆಯ ಅಕ್ಲೂಜ್‌ನದ್ದಿರಲಿ, ಕಾರ್ಕ್ ಇದ್ದರೆ ಮಲಗಿಸಿ. ವಿಸ್ಕಿ, ಫೆನಿ ಬಾಟಲಿಗಳನ್ನು ಮಾತ್ರ ಎಂದೂ ಮಲಗಿಸಬೇಡಿ. ಅವುಗಳ ಗಡಸು ಮದ್ಯ ಕಾರ್ಕನ್ನೇ ತಿಂದು ಪುಡಿ ಮಾಡುತ್ತದೆ. (ಮಹಾರಾಷ್ಟ್ರದಲ್ಲಿ ‘ವೈನ್ ಶಾಪ್’ ಬೋರ್ಡಿನ ಕೆಳಗೆ ವಿಸ್ಕಿಯೇ ಹೆಚ್ಚು ಮಾರುವುದರಿಂದ ಈ ಗೊಂದಲ ನನ್ನ ಗಿರಾಕಿಗಳಲ್ಲಿ ಪದೇಪದೇ ಕಾಣುತ್ತದೆ.)

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಈಗಲೂ ಇದೆ. ಮದ್ಯ ಕೊಳ್ಳಲು, ಮನೆಯಲ್ಲಿ ಇಟ್ಟುಕೊಳ್ಳಲು ಪರ್ಮಿಟ್ ಬೇಕು. ಇನ್ನೂರು ಬಾಟಲಿಯ ರ‍್ಯಾಕ್ ಕೇಳಿ ಬಂದವರಿಗೆ, ನಿಮ್ಮ ಪರ್ಮಿಟ್ಟಿಗೆ ಎಷ್ಟು ದಾಸ್ತಾನು ನಡೆಯುತ್ತದೆ ಎಂದು ಅಬಕಾರಿ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ, ಆಮೇಲೆ ಅಳತೆ ತೆಗೆಯೋಣ ಎನ್ನುತ್ತೇನೆ.

ಮರವೋ, ಲೋಹವೋ

ಮರದ ದೊಡ್ಡ ಗುಣವೆಂದರೆ ಅದು ಬೆವರುವುದಿಲ್ಲ. ತಂಪು ಕೋಣೆಯ ಬಾಗಿಲು ತೆರೆದಾಗ ಹೊರಗಿನ ಹಸಿ ಗಾಳಿ ನುಗ್ಗಿ ಮೊದಲು ಲೋಹದ ಮೇಲೆ ಹನಿಗಟ್ಟುತ್ತದೆ, ಮರದ ಮೇಲೆ ಅಷ್ಟಾಗಿ ಅಲ್ಲ. ಮರ ಬಾಟಲಿಯನ್ನು ಗೀರುವುದಿಲ್ಲ, ಲೇಬಲ್ ಹರಿಯುವುದಿಲ್ಲ, ಮುಂದೆ ಗೂಡು ಹೆಚ್ಚಿಸಬೇಕೆಂದರೆ ಅದೇ ಮಿಸ್ತ್ರಿಯನ್ನು ಕರೆಸಿದರೆ ಮುಗಿಯಿತು.

ಆದರೆ ‘ಮರ’ ಎಂದರೆ ಯಾವ ಮರ? ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಜೋಡಿಸುವ ರ‍್ಯಾಕುಗಳು ಬಹುಪಾಲು ಪೈನ್, ರಬ್ಬರ್ ಮರ, ಇಲ್ಲವೇ ಮಾವಿನವು. ಒಣ ಊರಿನಲ್ಲಿ ಇವು ಬಾಳುತ್ತವೆ. ರಬ್ಬರ್ ಮರ, ಮಾವು, ಬಿದಿರು ಮೂರರಲ್ಲೂ ಪಿಷ್ಟ ಹೆಚ್ಚು. ಸರಿಯಾಗಿ ಮದ್ದು ಕುಡಿಸದಿದ್ದರೆ ಕೊರೆಹುಳಕ್ಕೆ ಅದು ಹಬ್ಬದೂಟ. ಬೆಳಿಗ್ಗೆ ಗುಡಿಸುವಾಗ ರ‍್ಯಾಕಿನ ಕೆಳಗೆ ಮೈದಾ ಹಿಟ್ಟಿನಂಥ ಪುಡಿ ಬಿದ್ದಿದ್ದರೆ, ಮೇಲೆ ಸೂಜಿ ಚುಚ್ಚಿದಂಥ ತೂತು ಹುಡುಕಿ. ಸಿಕ್ಕರೆ ಆ ರ‍್ಯಾಕನ್ನು ಅವತ್ತೇ ಹೊರಗಿಡಿ, ಪಕ್ಕದ ಕಪಾಟಿಗೂ ಹಬ್ಬುತ್ತದೆ.

ನನ್ನ ಮೊದಲ ಆಯ್ಕೆ ಸಾಗುವಾನಿ, ಅದರಲ್ಲೂ ಹಳೆಯದು. ಪುಣೆಯ ಪೇಟೆಗಳಲ್ಲಿ ಹಳೇ ವಾಡೆಗಳನ್ನು ಕೆಡವಿದಾಗ ಬರುವ ತೊಲೆ, ಚೌಕಟ್ಟುಗಳನ್ನು ಕೊಯ್ಯಿಸಿದರೆ ಸಿಗುವ ಮರ ಹತ್ತಾರು ಮಳೆಗಾಲ ಕಂಡು, ಹಿಗ್ಗಿ ಕುಗ್ಗಿ, ಆಟ ಮುಗಿಸಿ ಕೂತಿರುತ್ತದೆ. ತಿರುಚುವುದಿಲ್ಲ. ಎಣ್ಣೆಯಂಶ ಇರುವುದರಿಂದ ಗೆದ್ದಲೂ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿನಲ್ಲಿ ಹೊಸದನ್ನು ಕೊಳ್ಳುವವರು ಹಲಗೆಯ ಅಂಚು ನೋಡಿ ಕೊಳ್ಳಿ. ನಡುವಿನ ಕಂದು ಭಾಗ ಬೇರೆ, ಹೊರಗಿನ ಬಿಳಿ ಭಾಗ ಬೇರೆ. ಬಿಳಿ ಭಾಗದ ಸಾಗುವಾನಿಗೆ ಹೆಸರಷ್ಟೇ ಸಾಗುವಾನಿ, ಹುಳಕ್ಕೆ ಅದೂ ಒಂದೇ ಮಾವೂ ಒಂದೇ.

ಪಾಲಿಶ್ ವಿಚಾರದಲ್ಲಿ ನನಗೂ ನಮ್ಮ ಮಿಸ್ತ್ರಿಗೂ ಪ್ರತಿಸಲ ಜಗಳ. ಅವನಿಗೆ ಕನ್ನಡಿಯಂತೆ ಹೊಳೆಯಬೇಕು, ನನಗೆ ವಾಸನೆ ಬರಬಾರದು. ಸಣ್ಣ ಮುಚ್ಚಿದ ಕೋಣೆಯಲ್ಲಿ ಥಿನ್ನರಿನ ವಾಸನೆ ವಾರಗಟ್ಟಲೆ ನಿಲ್ಲುತ್ತದೆ. ಇದಕ್ಕಿಂತ ಗಂಭೀರವಾದದ್ದು ಹುಳದ ಮದ್ದು. ಕ್ಲೋರಿನ್ ಇರುವ ಕೆಲವು ಮರದ ಮದ್ದುಗಳ ಮೇಲೆ ಬೂಷ್ಟು ಬೆಳೆದರೆ ಹಸಿ ಗೋಣಿಚೀಲದ ವಾಸನೆಯ ಒಂದು ಪದಾರ್ಥ ಹುಟ್ಟುತ್ತದೆ. ಕೆಟ್ಟ ಕಾರ್ಕಿನಿಂದ ವೈನ್ ಹಾಳಾಯಿತು ಎನ್ನುತ್ತಾರಲ್ಲ, ಅದೇ ವಾಸನೆ. ಯುರೋಪಿನಲ್ಲಿ ಮದ್ದು ಹಚ್ಚಿದ ತೊಲೆಗಳಿಂದ ಇಡೀ ನೆಲಮಾಳಿಗೆಗಳೇ ಕೆಟ್ಟದ್ದುಂಟು. ಹಾಗಾಗಿ ಸೆಲ್ಲರಿನ ಮರಕ್ಕೆ ನಾನು ಮರಳುಕಾಗದ ಉಜ್ಜಿಸಿ, ಬರೀ ಹಾಗೇ ಬಿಡುತ್ತೇನೆ. ಅಲ್ಲಿನ ನೆಲ ಒರೆಸಲು ಬ್ಲೀಚಿಂಗ್ ಪುಡಿ ಬಳಸಬೇಡಿ ಎಂದು ಮನೆಕೆಲಸದವರಿಗೂ ಹೇಳಿ ಬರುತ್ತೇನೆ.

ಪ್ಲೈವುಡ್ ಬೇಕೆಂದರೆ ಐಎಸ್ 710 ಮುದ್ರೆಯ ನೀರು ತಡೆಯುವ ಪ್ಲೈ, 18 ಮಿ.ಮೀ., ಕೊಯ್ದ ಅಂಚಿಗೆಲ್ಲ ಪಟ್ಟಿ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡವೇ ಬೇಡ. ಒಂದು ಮಳೆಗಾಲಕ್ಕೆ ಉಬ್ಬಿ ಬ್ರೆಡ್ಡಾಗುತ್ತದೆ.

ಲೋಹಕ್ಕೆ ಬರೋಣ. ಜಾಗ ಕಡಿಮೆ ಇದ್ದವರಿಗೆ ಲೋಹ ಚೆನ್ನ. ಸರಳುಗಳು ತೆಳು, ಗೋಡೆಯ ಮೇಲೆ ಕೈಯಗಲ ಜಾಗದಲ್ಲಿ ಬಾಟಲಿ ಕೂರುತ್ತದೆ, ಲೇಬಲ್ ಎದುರಿಗೆ ಕಾಣುತ್ತದೆ, ಗೆದ್ದಲಿನ ಗೊಡವೆಯಿಲ್ಲ. ಪುಣೆಯ ಒಣ ಗಾಳಿಯಲ್ಲಿ ಪೌಡರ್ ಕೋಟಿಂಗ್ ಮಾಡಿದ ಸಾದಾ ಕಬ್ಬಿಣವೂ ವರ್ಷಗಟ್ಟಲೆ ಬಾಳುತ್ತದೆ. ಸಮುದ್ರದ ಬದಿಗೆ ಹೋದರೆ ಕತೆ ಬೇರೆ.

ನನ್ನ ತಮ್ಮ ಗೋವೆಯ ವಾಸ್ಕೋದಲ್ಲಿ ಇದ್ದಾನೆ. ಬಾಲ್ಕನಿಗೆ ತಾಗಿದ ಕೋಣೆಯಲ್ಲಿ ಕಪ್ಪು ಬಣ್ಣದ ಕಬ್ಬಿಣದ ರ‍್ಯಾಕ್ ನಿಲ್ಲಿಸಿದ್ದ, ಆನ್‌ಲೈನಿನಲ್ಲಿ ತರಿಸಿದ್ದು. ಎರಡನೇ ಮಳೆಗಾಲ ಮುಗಿದಾಗ “ಅಕ್ಕಾ, ಬಣ್ಣ ಎಲ್ಲಾ ಹಂಗೇ ಅದ, ಆದ್ರ ಬಾಟ್ಲಿಗೆ ಕಂದು ಉಂಗರ ಬಿದ್ದಾವ” ಎಂದು ಫೋಟೋ ಕಳಿಸಿದ. ಹೋಗಿ ನೋಡಿದೆ. ಬಾಟಲಿಯನ್ನು ಎಳೆದು ತಳ್ಳಿ ಎಳೆದು ತಳ್ಳಿ, ಗಾಜು ಕೂರುವ ಎರಡೇ ಎರಡು ಜಾಗದಲ್ಲಿ ಬಣ್ಣದ ಪದರ ಸವೆದಿತ್ತು. ಉಪ್ಪುಗಾಳಿ ಅಲ್ಲಿಂದ ಒಳಹೊಕ್ಕು ಬಣ್ಣದ ಅಡಿಯಲ್ಲೇ ತೆವಳಿಕೊಂಡು ಹೋಗಿತ್ತು. ಮೇಲೆ ನೋಡಿದರೆ ನುಣ್ಣಗೆ, ಉಗುರಿನಿಂದ ಒತ್ತಿದರೆ ಹಪ್ಪಳದಂತೆ ಏಳುತ್ತಿತ್ತು. ಲೇಬಲ್ಲುಗಳ ಮೇಲೆ ತುಕ್ಕಿನ ಗೆರೆ, ಅದರ ಸುತ್ತ ಬೂಷ್ಟಿನ ಹಸಿರು ಚುಕ್ಕೆ.

ಗೋವೆಯಲ್ಲಿ, ಮುಂಬೈಯ ಸಮುದ್ರದ ಬದಿಯ ಮನೆಗಳಲ್ಲಿ ಲೋಹವೇ ಬೇಕೆಂದಿದ್ದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ 316 ಕೇಳಿ. ಅದರಲ್ಲಿ ಮಾಲಿಬ್ಡಿನಂ ಬೆರೆತಿರುವುದರಿಂದ ಉಪ್ಪಿಗೆ ಜಗ್ಗುವುದಿಲ್ಲ. ಒಳನಾಡಿಗೆ 304 ಸಾಕು. ಫ್ಯಾಬ್ರಿಕೇಟರ್ ಅಯಸ್ಕಾಂತ ಹಿಡಿದು “ನೋಡಿ, ಅಂಟುವುದಿಲ್ಲ, ಪಕ್ಕಾ 304” ಎಂದರೆ ನಂಬಬೇಡಿ. ಮೆಟ್ಟಿಲ ಬದಿಯ ಕಂಬಿಗೆ ಹಾಕುವ ಅಗ್ಗದ 202ಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಆದರೆ ಅದು ತುಕ್ಕು ಹಿಡಿಯುತ್ತದೆ. ಬಿಲ್ಲಿನ ಮೇಲೆ ಗ್ರೇಡ್ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಅಲ್ಲೇ ಉತ್ತರ ಸಿಕ್ಕಿತು.

ಮರದ ತುಂಡುಗಳ ನಡುವೆ ಜಿಂಕ್ ಲೇಪನದ ಪಟ್ಟಿ ಕೂರಿಸಿದ ಜೋಡು ರ‍್ಯಾಕೂ ಇದೆ. ವಿಲಾಯಿತಿಯ ಹಳೆಯ ನಮೂನೆ. ಗಟ್ಟಿ, ಅಗ್ಗ. ಪಟ್ಟಿಯ ಅಂಚು ಲೇಬಲ್ ತರಚುತ್ತದೆ, ಅಷ್ಟೇ ದೂರು.

ಮಣ್ಣಿನ ಕೊಳವೆ

ನನಗೆ ಮನಸ್ಸಿನಲ್ಲಿ ಇಷ್ಟವಾದದ್ದು ಇದು. ಪುಣೆಯಲ್ಲಿ ಮುಂಢವಾದ ಕೇಶವನಗರದ ಕುಂಬಾರರು, ಮುಂಬೈಯಲ್ಲಿ ಧಾರಾವಿಯ ಕುಂಭಾರವಾಡಾದವರು ಹೇಳಿದ ಅಳತೆಗೆ ಕೊಳವೆ ಮಾಡಿಕೊಡುತ್ತಾರೆ. ಒಂದರ ಮೇಲೊಂದು ಜೇನುಗೂಡಿನಂತೆ ಪೇರಿಸಿದರೆ ಗೋಡೆಗೆ ಒಂದು ಮೊಳೆಯೂ ಬೇಡ. ಖರ್ಚು ಸಾಗುವಾನಿಯ ಹತ್ತಿರಕ್ಕೂ ಬರುವುದಿಲ್ಲ. ದಪ್ಪ ಮಣ್ಣು ಹಗಲು-ರಾತ್ರಿಯ ಏರಿಳಿತವನ್ನು ಸ್ವಲ್ಪ ತಡೆದು ಹಿಡಿಯುತ್ತದೆ. ಆದರೆ ಒಣ ಕೊಳವೆ ತಾನಾಗಿ ತಂಪು ಹುಟ್ಟಿಸುವುದಿಲ್ಲ. ಹೂಜಿಯ ನೀರು ತಂಪಾಗುವುದು ನೀರು ಜಿನುಗಿ ಆರುವುದರಿಂದ, ಮಣ್ಣಿನ ಮಾಯೆಯಿಂದಲ್ಲ.

ಮೊದಲ ಸಲ ನಾನು ಮೋಸಹೋದದ್ದು ಅಳತೆಯಲ್ಲಿ. ಒಳಗಿನ ವ್ಯಾಸ ಹತ್ತು ಸೆಂ.ಮೀ. ಎಂದಿದ್ದೆ. ಕುಂಬಾರರು ಹಸಿ ಮಣ್ಣಿನಲ್ಲಿ ಸರಿಯಾಗಿ ಹತ್ತೇ ಇಟ್ಟರು. ಒಣಗಿ ಸುಟ್ಟು ಬಂದಾಗ ಒಂಬತ್ತು. ಮಣ್ಣು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. “ಸುಟ್ಟ ಮೇಲೆ ಇಷ್ಟಿರಬೇಕು” ಎಂದು ಹೇಳಬೇಕಿತ್ತು. ಸಾಮಾನ್ಯ ಬಾಟಲಿ ಹೋದವು, ನೊರೆ ವೈನಿನ ದಪ್ಪ ಬಾಟಲಿಗಳು ಬಾಯಲ್ಲೇ ಸಿಕ್ಕಿಕೊಂಡವು.

ಎರಡು ಬದಿಗೆ ಗಟ್ಟಿ ಚೌಕಟ್ಟು ಬೇಕು. ಇಲ್ಲದಿದ್ದರೆ ದುಂಡು ಕೊಳವೆಗಳು ಪಕ್ಕಕ್ಕೆ ಜಾರುತ್ತವೆ. ಕೆಳಗೆ ಕಡಪ ಕಲ್ಲಿನ ಹಾಸು ಹಾಕಿ, ಬರೀ ನೆಲದ ಮೇಲಿಟ್ಟರೆ ತೇವ ಹೀರುತ್ತದೆ. ಈ ಹೀರುವ ಗುಣದಿಂದಲೇ ಗೋವೆಗೆ, ಮುಂಬೈಗೆ ನಾನು ಇದನ್ನು ಹೇಳುವುದಿಲ್ಲ. ಜುಲೈ ತಿಂಗಳಲ್ಲಿ ಕೊಳವೆಯ ಒಳಮೈಗೆ ಬೂಷ್ಟು ಬಂದರೆ ಕೈ ಹಾಕಿ ಒರೆಸಲೂ ಆಗುವುದಿಲ್ಲ.

ಇದರ ಬಡ ತಮ್ಮನೊಬ್ಬ ಇದ್ದಾನೆ: 110 ಮಿ.ಮೀ.ನ ಪಿವಿಸಿ ಪೈಪು. ಆರು ಮೀಟರಿನ ಒಂದು ಪೈಪನ್ನು 25 ಸೆಂ.ಮೀ.ಗೆ ಕತ್ತರಿಸಿದರೆ, ಗರಗಸಕ್ಕೆ ಹೋಗುವುದು ಬಿಟ್ಟು, 23 ಗೂಡು. ಅಂಚು ಉಜ್ಜಿ, ಬಿಸಿಲಿನಲ್ಲಿ ಒಂದು ವಾರ ವಾಸನೆ ಹೋಗುವವರೆಗೆ ಬಿಟ್ಟು, ಹಳೇ ಪುಸ್ತಕದ ಕಪಾಟಿನಲ್ಲಿ ಪೇರಿಸಿ. ತುಕ್ಕಿಲ್ಲ, ಹುಳವಿಲ್ಲ, ಬೂಷ್ಟು ಬಂದರೆ ತೊಳೆಯಬಹುದು. ಬಂದವರು ನೋಡಿದರೆ ನಗುತ್ತಾರೆ, ಅದೊಂದೇ ಕೊರತೆ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಗೋವೆಯ ಹಳೇ ಮನೆಗಳಲ್ಲಿ ಮುರಕಲ್ಲಿನ ದಪ್ಪ ಗೋಡೆ ಇರುತ್ತದೆ. ಅದರಲ್ಲೇ ಗೂಡು ಕೊರೆಸಿ ಸುಣ್ಣದ ಗಾರೆ ಮಾಡಿಸಿದರೆ ನೋಡಲು ಕಣ್ಣಿಗೆ ಹಬ್ಬ. ಒಮ್ಮೆ ಮಾಡಿಸಿದರೆ ಅದು ಮನೆಯದೇ ಭಾಗ, ಅಳತೆ ತಪ್ಪಿದರೆ ತಿದ್ದಲಾಗದು.

ಆಕಾರ, ಅಳತೆ, ತೂಕ

ಎಲ್ಲ ಬಾಟಲಿಗೂ 750 ಮಿ.ಲೀ. ಎಂದು ಬರೆದಿದ್ದರೂ ಹೊಟ್ಟೆ ಒಂದೇ ಅಲ್ಲ. ನೆಟ್ಟಗೆ ಹೆಗಲಿರುವ ಬೋರ್ಡೋ ನಮೂನೆಯದು ಸುಮಾರು ಏಳೂವರೆ ಸೆಂ.ಮೀ. ದಪ್ಪ. ಇಳಿಜಾರು ಹೆಗಲಿನ ಬರ್ಗಂಡಿ ನಮೂನೆ ಎಂಟರ ಮೇಲೆ. ನೊರೆ ವೈನಿನದು ಒಂಬತ್ತರ ಹತ್ತಿರ, ಒಳಗಿನ ಒತ್ತಡ ತಡೆಯಲು ಗಾಜೂ ದಪ್ಪ. ಅಂಗಡಿಯ ರ‍್ಯಾಕುಗಳ ಗೂಡು ಬಹಳಷ್ಟು ಮೊದಲನೆಯದಕ್ಕೆ ಹೊಲಿದ ಅಂಗಿ. ಮಾಡಿಸುವುದಾದರೆ ಗೂಡಿನ ಒಳಗೆ ಹತ್ತು ಸೆಂ.ಮೀ. ಚೌಕ ಬಿಡಿಸಿ, ಆಳ 25 ಸಾಕು. ಬಾಟಲಿಯ ಉದ್ದ 30ರಷ್ಟಿರುವುದರಿಂದ ಕತ್ತು ಹೊರಗುಳಿದು ಹಿಡಿಯಲು ಅನುಕೂಲ.

ಒಂದು ಬಾಟಲಿಗೆ ಒಂದು ಗೂಡು ಎಂಬ ಪದ್ಧತಿ ಸುಖದ್ದು, ಆದರೆ ಜಾಗ ತಿನ್ನುತ್ತದೆ. ಅರವತ್ತು ಸೆಂ.ಮೀ. ಚೌಕದಲ್ಲಿ ಹಲಗೆಯ ದಪ್ಪ ಕಳೆದರೆ 25 ಗೂಡು ಕೂರುತ್ತವೆ. ಅದೇ ಚೌಕದೊಳಗೆ ಎರಡು ಹಲಗೆಯನ್ನು ಗುಣಾಕಾರ ಚಿಹ್ನೆಯಂತೆ ಕೂರಿಸಿ ನಾಲ್ಕು ಮುಕ್ಕೋನ ಮಾಡಿದರೆ ಸುಮಾರು 40 ಬಾಟಲಿ ರಾಶಿ ಹಾಕಬಹುದು. ಹಲಗೆಯ ಖರ್ಚೂ ಕಡಿಮೆ. ಕಷ್ಟವೆಂದರೆ ನಿಮಗೆ ಬೇಕಾದದ್ದು ಯಾವಾಗಲೂ ತಳದಲ್ಲೇ ಇರುತ್ತದೆ, ಎಳೆದರೆ ಮೇಲಿನವು ಉರುಳುತ್ತವೆ. ಒಂದೇ ವೈನನ್ನು ಡಜನ್ ಲೆಕ್ಕದಲ್ಲಿ ಕೊಳ್ಳುವವರಿಗೆ ಮುಕ್ಕೋನ ಸರಿ. ಬಗೆಬಗೆಯದ್ದು ಒಂದೊಂದು ಇಡುವವರಿಗೆ ಗೂಡೇ ಸರಿ. ನಾನು ಸಾಮಾನ್ಯವಾಗಿ ಮೇಲೆ ಗೂಡು, ಕೆಳಗೆ ಮುಕ್ಕೋನ ಮಾಡಿಸುತ್ತೇನೆ. ಭಾರ ಕೆಳಗಿದ್ದರೆ ಇಡೀ ರ‍್ಯಾಕೂ ನೆಲ ಕಚ್ಚಿ ನಿಲ್ಲುತ್ತದೆ.

ಇನ್ನು ಗೋಡೆಗೆ ಸರಳು ಚುಚ್ಚಿ ಬಾಟಲಿಯನ್ನು ಅಡ್ಡಡ್ಡ ಮಲಗಿಸುವ ಬಗೆ. ಬಾಣೇರ್‌ನಲ್ಲಿ ಬಿದ್ದದ್ದು ಇದೇ. ತುಂಬಿದ ಬಾಟಲಿ ಒಂದಕ್ಕೆ 1.2ರಿಂದ 1.3 ಕಿಲೋ, ನೊರೆ ವೈನಿನದು 1.6 ಕಿಲೋ. ಇಪ್ಪತ್ತನಾಲ್ಕಕ್ಕೆ ಮೂವತ್ತು ಕಿಲೋ. ಅಷ್ಟು ತೂಕ ಗೋಡೆಗೆ ಒತ್ತಿಕೊಂಡಿದ್ದರೆ ಚಿಂತೆಯಿರಲಿಲ್ಲ. ಒಂದರ ಮುಂದೊಂದು ಮೂರು ಸಾಲು ಹೊರಚಾಚಿ ಕೂತಾಗ ಅದು ಮೇಲಿನ ಸ್ಕ್ರೂಗಳನ್ನು ಹೊರಗೆ ಎಳೆಯುತ್ತದೆ. ಎಎಸಿ ಬ್ಲಾಕ್ ಎಂದರೆ ಗಾಳಿಗುಳ್ಳೆ ತುಂಬಿದ ಹಗುರ ಕಲ್ಲು, ಘನ ಮೀಟರಿಗೆ 600 ಕಿಲೋ ಆಸುಪಾಸು. ಕೆಂಪು ಇಟ್ಟಿಗೆಯದು ಅದರ ಮೂರು ಪಟ್ಟು. ಎಎಸಿಯಲ್ಲಿ ಸಣ್ಣ ಗಿಟ್ಟಿ ಹಿಡಿಯುವುದು ರವಾ ಇಡ್ಲಿಯಲ್ಲಿ ಮೊಳೆ ಹೊಡೆದಂತೆ.

ಈಗ ನಾನು ಮೊದಲು ಗೋಡೆ ಬಡಿಯುತ್ತೇನೆ. ಎಎಸಿಯಾದರೆ ಉದ್ದನೆಯ ನೈಲಾನ್ ಆಂಕರ್ ಅಥವಾ ರಾಸಾಯನಿಕ ಅಂಟು ತುಂಬುವ ಆಂಕರ್, ಡ್ರಿಲ್ಲಿನ ಹ್ಯಾಮರ್ ಬಂದ್. ಪುಣೆ, ಮುಂಬೈಯ ಹೊಸ ಟವರುಗಳಲ್ಲಿ ‘ಮಿವಾನ್’ ಗೋಡೆ ಇರುತ್ತದೆ, ಪೂರ್ತಿ ಕಾಂಕ್ರೀಟು. ಕೊರೆಯಲು ಬೆವರು ಬರುತ್ತದೆ, ಆದರೆ ಹಿಡಿದರೆ ಬಿಡುವುದಿಲ್ಲ. ಒಳಗೆ ಕರೆಂಟಿನ ಕೊಳವೆ ಎಲ್ಲಿದೆ ಎಂದು ಮಾತ್ರ ನೋಡಿಕೊಳ್ಳಿ. ಯಾವುದೂ ಗೊತ್ತಾಗದಿದ್ದರೆ ನೆಲದ ಮೇಲೆ ನಿಲ್ಲುವ ರ‍್ಯಾಕ್ ತೆಗೆದುಕೊಂಡು, ಮುಂದಕ್ಕೆ ವಾಲದಂತೆ ಮೇಲಿನ ತುದಿಗೆ ಎರಡು ಪಟ್ಟಿ ಬಿಗಿದುಬಿಡಿ.

ತಂಪು ಎಲ್ಲಿಂದ

ಒಂದು ಸಣ್ಣ ಕೋಣೆಗೆ ಎಸಿ ಹಾಕಿದರೆ ಸೆಲ್ಲರ್ ಆಯಿತಲ್ಲ ಎನ್ನುವವರಿದ್ದಾರೆ. ಮನೆಯ ಎಸಿಯ ಕೊನೆ ಮೆಟ್ಟಿಲು 16 ಡಿಗ್ರಿ, ಅಲ್ಲಿಗೆ ತಂದು ಹಗಲಿರುಳು ಓಡಿಸಿದರೆ ಗಾಳಿ ಒಣಗಿ ಕಾರ್ಕಿಗೇ ಕುತ್ತು. ವೈನಿಗೆ ತೇವ ಶೇ. 60-70 ಇರಬೇಕು. ಸೆಲ್ಲರಿಗೆಂದೇ ಇರುವ ತಂಪು ಯಂತ್ರ ಕೂರಿಸುವುದಾದರೆ ಗೋಡೆ, ಚಾವಣಿಗೆ ಥರ್ಮೋಕೋಲಿಗಿಂತ ಗಟ್ಟಿಯಾದ ಹೊದಿಕೆ, ಅದರ ಹೊರಬದಿಗೆ ತೇವ ತಡೆಯುವ ಪದರ ಬೇಕು. ಮುಂಬೈಯ ಮಳೆಗಾಲದಲ್ಲಿ 24-25 ಡಿಗ್ರಿಗಿಂತ ತಣ್ಣಗಿನ ಯಾವ ವಸ್ತು ಕಂಡರೂ ಗಾಳಿಯ ನೀರು ಅದರ ಮೇಲೆ ಕೂರುತ್ತದೆ. 13 ಡಿಗ್ರಿಯ ಕೋಣೆಗೆ ಹೊದಿಕೆಯನ್ನು ತೂರಿ ರ‍್ಯಾಕಿನ ಬೋಲ್ಟ್ ಹಾಕಿದಿರೋ, ಆ ಬೋಲ್ಟೇ ತಂಪನ್ನು ಹೊರಗೆ ಒಯ್ಯುವ ದಾರಿ. ಗೋಡೆಯ ಹೊರಬದಿಯಲ್ಲಿ ಅದೇ ಜಾಗದಲ್ಲಿ ಒದ್ದೆ ಚುಕ್ಕೆ ಮೂಡುತ್ತದೆ. ತಂಪು ಕೋಣೆಯೊಳಗೆ ನಾನು ನೆಲದ ಮೇಲೆ ನಿಲ್ಲುವ ಮರದ ರ‍್ಯಾಕ್ ಬಿಟ್ಟು ಬೇರೆ ಹಾಕುವುದಿಲ್ಲ. ಗೋಡೆಯಿಂದ ಎರಡು ಬೆರಳು ದೂರ, ಹಿಂದೆ ಗಾಳಿ ಆಡಲು.

ಐವತ್ತು ಬಾಟಲಿಗಿಂತ ಕಡಿಮೆ ಇದ್ದರೆ ಈ ರಗಳೆಯೇ ಬೇಡ, ವೈನ್ ಫ್ರಿಜ್ ಕೊಳ್ಳಿ. ಕಂಪ್ರೆಸರ್ ಇರುವುದನ್ನೇ ಕೊಳ್ಳಿ. ಸದ್ದಿಲ್ಲದ ಥರ್ಮೋಎಲೆಕ್ಟ್ರಿಕ್ ಪೆಟ್ಟಿಗೆಗಳು ಕೋಣೆಯ ಬಿಸಿಗಿಂತ ಇಷ್ಟೇ ಡಿಗ್ರಿ ಕೆಳಗೆ ಎಂದು ಲೆಕ್ಕ ಹಾಕುತ್ತವೆ. ಮೇ ತಿಂಗಳ ಪುಣೆಯಲ್ಲಿ ಕೋಣೆಯೇ 34 ಇದ್ದಾಗ ಅವು ಕೈಚೆಲ್ಲುತ್ತವೆ. ಫ್ರಿಜ್ಜಿನೊಳಗಿನ ತಟ್ಟೆಯೂ ರ‍್ಯಾಕೇ: ಜಾರುವ ಮರದ ತಟ್ಟೆಯಿದ್ದರೆ ಬಾಟಲಿ ಕುಲುಕುವುದಿಲ್ಲ, ಬರೀ ತಂತಿಯದಾದರೆ ಲೇಬಲ್ ಸವೆಯುತ್ತದೆ. ‘28 ಬಾಟಲಿ’ ಎಂದು ಬರೆದಿರುವುದು ಬೋರ್ಡೋ ಬಾಟಲಿಯ ಲೆಕ್ಕ. ದಪ್ಪನೆಯವು ಸೇರಿದರೆ ಇಪ್ಪತ್ತೆರಡಕ್ಕೇ ಬಾಗಿಲು ಮುಚ್ಚದು.

ಇಷ್ಟರ ಮೇಲೆ ಊರು ನೋಡಿ ಹೇಳಬೇಕೆಂದರೆ: ಪುಣೆಯಲ್ಲಿ ಏನು ಹಾಕಿದರೂ ನಡೆಯುತ್ತದೆ, ಬೇಸಿಗೆಯ ಬಿಸಿಯೊಂದೇ ಶತ್ರು. ಮುಂಬೈಯಲ್ಲಿ ಜಾಗ ಚದರಡಿಯ ಲೆಕ್ಕದ್ದು, ಫ್ರಿಜ್ಜೇ ರ‍್ಯಾಕ್ ಎಂದುಕೊಳ್ಳಿ. ಗೋವೆಯಲ್ಲಿ ಹಳೇ ಸಾಗುವಾನಿ, ಇಲ್ಲವೇ ಬಿಲ್ಲಿನಲ್ಲಿ 316 ಎಂದು ಬರೆದ ಸ್ಟೀಲು. ತಮ್ಮನಿಗೆ ಕೊನೆಗೆ ಹಲಸಿನ ಮರದಲ್ಲಿ ಮಾಡಿಸಿಕೊಟ್ಟೆ. ಆ ಕಡೆ ಹಳೇ ಮನೆಗಳ ಬಾಗಿಲು, ಪೆಟ್ಟಿಗೆ ಎಲ್ಲ ಅದರದ್ದೇ, ಅಲ್ಲಿನ ಬಡಗಿಗಳ ಕೈಗೆ ಪಳಗಿದ ಮರ. ಮೂರು ಮಳೆಗಾಲ ಆಯಿತು, ಬಣ್ಣ ಮಾತ್ರ ಹಳದಿಯಿಂದ ಕಂದಿಗೆ ತಿರುಗಿದೆ.

ಬಾವಧನ್‌ನ ಹಿರಿಯರು ಮೆಟ್ಟಿಲ ಕೆಳಗೆ ಥರ್ಮಾಮೀಟರ್ ಇಟ್ಟು ಒಂದು ವಾರ ನೋಡಿದರು. ಏಪ್ರಿಲ್‌ನಲ್ಲಿ ಅಲ್ಲಿ 31ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಕಾರ್ಕಿನ ಎಂಟು ಬಾಟಲಿಗೆ ಸಣ್ಣದೊಂದು ಕಂಪ್ರೆಸರ್ ಫ್ರಿಜ್ ತಂದರು, ಮುಚ್ಚಳದ ಇಪ್ಪತ್ತೆರಡು ಅಡುಗೆಮನೆಯ ಕಪಾಟಿನಲ್ಲಿ ನಿಂತವು. ಆದರೂ “ಮೂಲಿ ಖಾಲಿ ಬಿಟ್ರ ಛಂದ ಕಾಣಂಗಿಲ್ರಿ” ಎಂದು ವಾಡೆಯ ಹಳೇ ಸಾಗುವಾನಿಯಲ್ಲಿ ಒಂಬತ್ತು ಗೂಡಿನ ರ‍್ಯಾಕ್ ಮಾಡಿಸಿಯೇ ಬಿಟ್ಟರು. ಮೊನ್ನೆ ಹೋದಾಗ ನೋಡಿದೆ. ಎರಡು ಗೂಡಿನಲ್ಲಿ ವಾರದೊಳಗೆ ಮುಗಿಯುವ ವೈನ್, ಮೂರರಲ್ಲಿ ಸುರುಳಿ ಸುತ್ತಿದ ಹಳೇ ಕ್ಯಾಲೆಂಡರ್, ಉಳಿದ ನಾಲ್ಕರಲ್ಲಿ ಮೊಮ್ಮಗನ ಶಟಲ್ ಕಾಕ್ ಡಬ್ಬಿಗಳು, ಅಳತೆ ಕೊಟ್ಟು ಮಾಡಿಸಿದಂತೆ ಕೂತಿದ್ದವು.